ಅಜ್ಜಿಯ ಬಾಯಿಸಿಹಿ

ಮದುವೆಯಾಗಿ ಈ ಊರಿಗೆ ಬಂದ ಮಾರನೆಯ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ, ನನ್ನ ಮಾತ್ರೆಯನ್ನು ಗಂಡನ ಅಂಗೈಗೆ ಹಾಕಿ ಒಂದು ಲೋಟ ನೀರು ಹಿಡಿದು ನಿಂತದ್ದು. ಅವರು ಆಗತಾನೇ ಮುಖ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಅಂಗೈ ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿದರು.

"ಇದೇನು?"

"ನನ್ನ ಮೂರ್ಛೆ ಮಾತ್ರೆ. ನುಂಗಿ."

"ಕಾಯಿಲೆ ನಿಂದು, ನುಂಗೋದು ನಾನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗಾಯ್ತಲ್ಲ!" ಎಂದು ನಕ್ಕು ಮಾತ್ರೆಯನ್ನು ವಾಪಸ್ಸು ಕೊಟ್ಟುಬಿಟ್ಟರು.

ನನ್ನ ಕಾಯಿಲೆಯ ವಿಷಯವನ್ನು ಅಪ್ಪ ಮದುವೆಗೆ ಮುಂಚೆಯೇ ಅವರಿಗೆ ಹೇಳಿದ್ದ. ಇದನ್ನು ಮಾತ್ರ ಹೇಳಿರಲಿಲ್ಲ. ಇದೂ ಒಂದು ಹೇಳಬೇಕಾದ ವಿಷಯ ಅಂತ ನಮ್ಮೂರಲ್ಲಿ ಯಾರಿಗೆ ತಾನೇ ಹೊಳೆಯಬೇಕು? ನಾನು ಅಡುಗೆಮನೆಗೆ ಹೋಗಿ ಗೊಳೋ ಅಂತ ಅತ್ತೆ. ಕಟ್ಟಿಕೊಂಡ ಗಂಡ ಅಂಗೈ ಚಾಚಲಿಲ್ಲ ಅಂದರೆ ಇನ್ನು ಬದುಕುವುದು ಹೇಗೆ ಅನ್ನಿಸಿತ್ತು.

ನಮ್ಮೂರಲ್ಲಿ ಕಾಯಿಲೆಯವರು ತಮ್ಮ ಮದ್ದನ್ನು ತಾವು ನುಂಗುತ್ತಿರಲಿಲ್ಲ. ನುಂಗಿದರೆ ತಾಗುತ್ತಿರಲಿಲ್ಲ, ಅಷ್ಟೇ. ಮಾತ್ರೆಯನ್ನು ಇನ್ನೊಬ್ಬರ ಅಂಗೈಗೆ ಹಾಕಬೇಕು. ಅವರು ನುಂಗಬೇಕು. ಅದು ಅವರ ಹೊಟ್ಟೆಯಲ್ಲಿ ಕರಗಿ, ಅವರ ಕರುಳು ದಾಟಿ, ಅವರ ಈಲಿಯನ್ನು, ಅಂದರೆ ಲಿವರನ್ನು, ಹಾದು, ಆಮೇಲೆ ಕಾಯಿಲೆಯವರ ಮೈಗೆ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಗುಣವೆಲ್ಲ ಕಾಯಿಲೆಯವರಿಗೆ, ಬಾಯಿ ಕಹಿಯಾಗುವುದು ನುಂಗಿದವರಿಗೆ. ಹಾಗೆ ನುಂಗುವವರನ್ನು ನಾವು 'ಒಡಲು' ಎನ್ನುತ್ತಿದ್ದೆವು. "ಅವಳಿಗೆ ಯಾರು ಒಡಲು?" "ಅವರ ವಾರಗಿತ್ತಿ." ಇಂಥ ಮಾತು ಊಟ ಆಯ್ತಾ ಎಂದು ಕೇಳುವಷ್ಟು ಸಲೀಸು.

ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ ಅಂತ ಕೇಳುತ್ತಿರಲಿಲ್ಲ, ಹೊಟ್ಟೆ ಹೇಗೆ ಅಂತ ಕೇಳುತ್ತಿದ್ದರು. ಕುಡುಕರನ್ನು ಯಾರೂ ಒಡಲು ಮಾಡಿಕೊಳ್ಳುತ್ತಿರಲಿಲ್ಲ. ದಿನಾ ಹೆಂಡ ಸುರಿದು ಸುರಿದು ಅವರ ಈಲಿ ಬಂದದ್ದನ್ನೆಲ್ಲ ಗುಡಿಸಿ ಹಾಕುವ ಚಾಳಿ ಕಲಿತಿರುತ್ತದೆ, ಬೆಳಗಿನ ಮದ್ದು ಮಧ್ಯಾಹ್ನಕ್ಕೇ ಖಾಲಿ ಎನ್ನುತ್ತಿದ್ದರು. ರಕ್ತ ಕಡಿಮೆಯಾದ ಸೊಸೆಗಾಗಿ ಕಬ್ಬಿಣದ ಮಾತ್ರೆ ನುಂಗಿದ ಅತ್ತೆ ಅದರ ಮೇಲೇ ಒಂದು ಲೋಟ ಕಾಫಿ ಇಳಿಸಿದರೆ ಮದ್ದು ಅಲ್ಲಿಗೇ ಕಟ್ಟಿಹೋಗುತ್ತದೆ. "ಬೇಕಂತ್ಲೇ ಕುಡೀತಾರೆ" ಎಂದು ಸೊಸೆ ಪಂಚಾಯ್ತಿ ಸೇರಿಸಿದ್ದೂ ಉಂಟು. ನಮ್ಮ ಬೀದಿಯ ಕಾಳಪ್ಪನಿಗೂ ಎದುರುಮನೆಯ ಸುಬ್ಬರಾಯಶೆಟ್ಟರಿಗೂ ಚರಂಡಿಯ ವಿಷಯಕ್ಕೆ ಹಾವು ಮುಂಗುಸಿ ವೈರ. ಆದರೆ ಇಬ್ಬರಿಗೂ ಬಿಪಿ, ಒಬ್ಬರಿಗೊಬ್ಬರು ಒಡಲು. ಬೆಳಿಗ್ಗೆ ಎದ್ದು ಚರಂಡಿಯ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಮುಖ ಅತ್ತ ತಿರುಗಿಸಿಕೊಂಡೇ ಮಾತ್ರೆ ಬದಲಾಯಿಸಿ ನುಂಗಿ, ಆಮೇಲೆ ಬೈದಾಟ ಶುರುಮಾಡುತ್ತಿದ್ದರು.

ಇದಕ್ಕೊಂದು ಕಟ್ಟು ಇತ್ತು. ಒಂದು ಸಲ ಒಡಲು ಬದಲಾಯಿಸಿದರೆ ಮುಗಿಯಿತು, ಹಳೆಯ ಒಡಲು ಮತ್ತೆ ತಾಗುವುದಿಲ್ಲ. ಮಾತ್ರೆ ಹೊಸ ಅಂಗೈ ಮುಟ್ಟಿದ ಕ್ಷಣಕ್ಕೆ ಹಳೆಯ ಅಂಗೈಯ ಋಣ ಹರಿಯಿತು. ಹಾಗಾಗಿ ಜನ ಒಡಲು ಬದಲಾಯಿಸುವಾಗ ಮನೆ ಬದಲಾಯಿಸುವುದಕ್ಕಿಂತ ಹೆಚ್ಚು ಯೋಚನೆ ಮಾಡುತ್ತಿದ್ದರು.

ಇನ್ನೊಂದು ಪದ್ಧತಿ ಬಾಯಿಸಿಹಿ. ಒಡಲು ಮಾತ್ರೆ ನುಂಗಿದ ಮೇಲೆ ಕಾಯಿಲೆಯವರು ತಮ್ಮ ಕೈಯಾರೆ ಅವರ ಬಾಯಿಗೆ ಏನಾದರೂ ಸಿಹಿ ಹಾಕಬೇಕು. ಬೆಲ್ಲದ ಚೂರೋ, ಕೊಬ್ಬರಿ ಸಕ್ಕರೆಯೋ, ಗತಿ ಇಲ್ಲದಿದ್ದರೆ ಒಂದು ಹಿಡಿ ಹುರಿಗಡಲೆ. ನನ್ನ ಕಹಿ ನೀನು ತಿಂದೆ, ತಗೋ, ಎಂಬ ಲೆಕ್ಕ. ಬಾಯಿಸಿಹಿಯನ್ನು ಯಾರೂ ತಿಂಡಿ ಅಂತ ಎಣಿಸುತ್ತಿರಲಿಲ್ಲ. ಅದು ತೀರ್ಥ ಇದ್ದ ಹಾಗೆ. ಉಪವಾಸ ಇದ್ದವರು ತಿಂದರೂ ಉಪವಾಸ ಕೆಡುತ್ತಿರಲಿಲ್ಲ.

ನಮ್ಮದು ಕಡಲೆಪುರಿ ಭಟ್ಟಿ. ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ದೊಡ್ಡ ಒಲೆ, ಒಲೆಯ ಮೇಲೆ ಮಗು ಕೂತು ಸ್ನಾನ ಮಾಡುವಷ್ಟು ದೊಡ್ಡ ಕಬ್ಬಿಣದ ಬಾಣಲೆ, ಬಾಣಲೆ ತುಂಬ ಕಾದ ಮರಳು. ಉಪ್ಪುನೀರು ಹಚ್ಚಿದ ಅಕ್ಕಿಯನ್ನು ಅಪ್ಪ ಮರಳಿಗೆ ಸುರಿದರೆ ಪಟಪಟ ಅಂತ ಅರಳುತ್ತಿತ್ತು. ಅಪ್ಪನ ತಾಯಿ, ಅಂದರೆ ನನ್ನಜ್ಜಿ ಚಿಕ್ಕತಾಯಮ್ಮ, ಒಲೆಯ ಬಾಯಲ್ಲಿ ಕೂತು ಭತ್ತದ ಹೊಟ್ಟು ಹಾಕುತ್ತ ಉರಿ ಕಾಯುತ್ತಿದ್ದಳು. ಉರಿ ಎಷ್ಟಿರಬೇಕು ಅನ್ನುವುದು ಅವಳ ಕೈಗೆ ಬಿಟ್ಟ ವಿಷಯ. ಅದರಲ್ಲಿ ಅಪ್ಪ ಬಾಯಿ ಹಾಕಿದರೆ "ಸುಮ್ಕಿರ್ಲಾ ಸಿದ್ದ, ಗೊತ್ತು ನಿನ್ನ ಯೋಗ್ತೆ" ಅನ್ನುತ್ತಿದ್ದಳು.

ನನಗೆ ಮೂರ್ಛೆ ಶುರುವಾದದ್ದು ಶಾಲೆಗೆ ಹಾಕಿದ ವರ್ಷ. ಬಾವಿಕಟ್ಟೆಯ ಹತ್ತಿರ ಬಿದ್ದು ಕೈಕಾಲು ಸೆಟೆದುಕೊಂಡೆನಂತೆ. ಊರಿನ ಆಸ್ಪತ್ರೆಯ ಸೆಲೀನಾ ಡಾಕ್ಟರಮ್ಮ ಮಾತ್ರೆ ಬರೆದರು. ಅವರು ಹೊರಗಿನವರು. ಬಂದ ಹೊಸತರಲ್ಲಿ ನಮ್ಮೂರಿನ ರೀತಿ ಕಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ಆಮೇಲೆ ತಾವೇ ಚೀಟಿಯಲ್ಲಿ ಎರಡು ಹೆಸರು ಬರೆಯುವುದನ್ನು ಕಲಿತರು, ಮೇಲೆ ಕಾಯಿಲೆಯವರದು, ಕೆಳಗೆ ಒಡಲಿನದು. ನಾಲಿಗೆ ನೋಡುವುದು, ಹೊಟ್ಟೆ ಅದುಮುವುದು ಎಲ್ಲ ಒಡಲಿಗೇ.

"ಯಾರು ನುಂಗ್ತೀರಿ?" ಎಂದು ಡಾಕ್ಟರಮ್ಮ ಕೇಳಿದಾಗ ನನ್ನವ್ವ ಬಸುರಿ, ಅವಳಿಗೆ ಬೇಡವೆಂದರು. ಅಪ್ಪ ಸಂಜೆಯ ಹೊತ್ತು ಸ್ವಲ್ಪ ಹಾಕುತ್ತಿದ್ದ, ಅವನೇ ಹಿಂದೆ ಸರಿದ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಾನಿಲ್ವಾ? ಕಲ್ಲು ತಿಂದ್ರೂ ಕರಗಿಸ್ತೀನಿ. ಬರ್ಕೊಳ್ಳಿ ನನ್ನೆಸ್ರ."

ಡಾಕ್ಟರಮ್ಮ ಹೊಗೆಸೊಪ್ಪು ಬಿಡಬೇಕು ಎಂದರು. ಮದುವೆಯಾದಾಗಿನಿಂದ ಬಾಯಲ್ಲಿದ್ದ ಹೊಗೆಸೊಪ್ಪನ್ನು ಅಜ್ಜಿ ಅಲ್ಲೇ ಆಸ್ಪತ್ರೆಯ ಬೇಲಿಗೆ ಉಗಿದು ಬಂದಳು. ಮತ್ತೆ ಮುಟ್ಟಲಿಲ್ಲ. ಅಜ್ಜಿಯ ಮೇಲೆ ನನಗಿರುವ ಪ್ರೀತಿಗೆ ಬೇರೆ ಕಾರಣ ಬೇಕಾ?

ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನು ಒಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅಜ್ಜಿ ಹೊಟ್ಟಿನ ಧೂಳನ್ನು ಸೀರೆಗೆ ಒರೆಸಿಕೊಂಡು ಅಂಗೈ ಚಾಚುತ್ತಿದ್ದಳು. ಬಿಸಿಗೆ ಬೆಂದು ಬೆಂದು ದಪ್ಪಗಾದ ಅಂಗೈ. ಅದರ ನಡುವೆ ಬಿಳಿ ಮಾತ್ರೆ ಇಡುತ್ತಿದ್ದೆ. "ಥೂ, ನಿನ್ನ ರೋಗಕ್ಕೆ ನನ್ನೊಲೆ ಉರಿ ಬಡಿಯ" ಎಂದು ರೋಗಕ್ಕೆ ಬೈದು, ಗಟಗಟ ನೀರು ಕುಡಿದು, ಬಾಯಿ ತೆರೆಯುತ್ತಿದ್ದಳು. ನಾನು ಬೆಲ್ಲ ಹಾಕುತ್ತಿದ್ದೆ. ಮೂರ್ಛೆ ನಿಂತುಹೋಯಿತು. ನಾನು ಮರ ಹತ್ತಿದೆ, ಈಜು ಕಲಿತೆ, ಬೀದಿಯ ಹುಡುಗರ ಮೂತಿಗೆ ಗುದ್ದಿದೆ. ಅಜ್ಜಿ ಒಲೆಯ ಮುಂದೆ ಕೂತು ನನ್ನ ಮದ್ದನ್ನು ಅರಗಿಸುತ್ತಿದ್ದಳು.

ಹೀಗಿರುವಾಗ ಅಜ್ಜಿಯ ಹಲ್ಲು ಅಲ್ಲಾಡಿ ಒಂದೊಂದೇ ಉದುರತೊಡಗಿದವು. ಬೆಲ್ಲ ಕಡಿದರೆ ಜೀವ ಹೋಗುವಷ್ಟು ನೋವು. ಅದೇ ವರ್ಷ ನಮ್ಮ ಹಿತ್ತಲಿನ ಚಕ್ಕೋತದ ಮರ ಮೊದಲ ಸಲ ಕಾಯಿ ಬಿಟ್ಟಿತು. ಇಷ್ಟು ದಿನ ಬರೀ ಎಲೆ ಉದುರಿಸುತ್ತಿದ್ದ ಬಡ್ಡಿಮಗಂದು, ಆ ವರ್ಷ ಕೊಂಬೆ ಜಗ್ಗುವ ಹಾಗೆ ಬಿಟ್ಟಿತು. ಒಳಗೆ ಗುಲಾಬಿ ಬಣ್ಣದ ತೊಳೆ, ಮೆತ್ತಗೆ, ಹುಳಿಸಿಹಿ. "ಇದೇ ಸರೋಯ್ತು ಕಣೆ ಇಸಾಲು, ಹಲ್ಲಿಲ್ದೋರ್ಗೆ ದೇವ್ರು ಕೊಟ್ಟ ಹಣ್ಣು" ಎಂದಳು ಅಜ್ಜಿ. ನನ್ನ ಹೆಸರು ವಿಶಾಲಾಕ್ಷಿ. ಅಜ್ಜಿಯ ಬಾಯಲ್ಲಿ ಅದು ಯಾವತ್ತೂ ಇಸಾಲು. ಅಂದಿನಿಂದ ಬಾಯಿಸಿಹಿಗೆ ಚಕ್ಕೋತ. ನಾನು ಸಿಪ್ಪೆ ಬಿಡಿಸಿ, ಬಿಳಿಯ ಪೊರೆ ತೆಗೆದು, ಒಂದೊಂದೇ ತೊಳೆ ಬಾಯಿಗಿಟ್ಟರೆ ಅಜ್ಜಿ ಕಣ್ಣು ಮುಚ್ಚಿಕೊಂಡು ಚೀಪುತ್ತಿದ್ದಳು. ಅರ್ಧ ಹಣ್ಣು ಹಾಗೇ ಮುಗಿಯುತ್ತಿತ್ತು.

ಕೆಲವೇ ದಿನಗಳಲ್ಲಿ ನನಗೆ ಎಲ್ಲ ಎರಡೆರಡಾಗಿ ಕಾಣತೊಡಗಿತು. ಬೋರ್ಡು ಎರಡು, ಮೇಷ್ಟ್ರು ಇಬ್ಬರು. ಯಾರ ಬೆತ್ತ ನಿಜ ಅಂತ ಗೊತ್ತಾಗದೆ ಸುಳ್ಳು ಬೆತ್ತದಿಂದ ತಪ್ಪಿಸಿಕೊಂಡು ನಿಜದ ಬೆತ್ತಕ್ಕೆ ಕೈಯೊಡ್ಡಿದ್ದೇನೆ. ಕೂತಲ್ಲೇ ತೂಕಡಿಕೆ. ನಡೆದರೆ ಅಪ್ಪ ಸಂಜೆ ಮನೆಗೆ ಬರುತ್ತಿದ್ದ ಥರ. ಸುಳ್ಳು ಯಾಕೆ ಹೇಳಲಿ, ಒಂದು ವಿಷಯ ಮಾತ್ರ ನನಗೆ ಬಹಳ ಹಿಡಿಸಿತ್ತು. ಬೆಳಿಗ್ಗೆ ಒಲೆಯ ಹತ್ತಿರ ಹೋದರೆ ಇಬ್ಬರು ಅಜ್ಜಿಯರು ಪಕ್ಕಪಕ್ಕದಲ್ಲಿ ಕೂತು ಒಟ್ಟಿಗೇ ನಗುತ್ತಿದ್ದರು.

ಅವ್ವ ಹೆದರಿ ನನ್ನನ್ನೂ ಅಜ್ಜಿಯನ್ನೂ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವರು ಅಜ್ಜಿಯ ಹೊಟ್ಟೆ ಅದುಮಿದರು, ಕಣ್ಣು ನೋಡಿದರು. "ಮಾತ್ರೆ ಜೊತೆ ಏನಾದ್ರೂ ತಿಂತೀರಾ?"

"ಏನೂ ಇಲ್ಲ ಕಣವ್ವ. ನೀರು, ಅಷ್ಟೇಯ."

ಅಜ್ಜಿ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ತಿಂದಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಅವ್ವನೂ ಹೌದು ಹೌದು ಅಂತ ತಲೆಯಾಡಿಸಿದಳು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, "ವಯಸ್ಸಾದ ಹಾಗೆ ಲಿವರ್ ನಿಧಾನ ಆಗತ್ತೆ. ಮದ್ದು ಬೇಗ ಕಳೆಯಲ್ಲ, ಮಗು ಮೈಯಲ್ಲಿ ಕೂಡಿಕೊಳ್ತಾ ಹೋಗತ್ತೆ. ಒಡಲು ಬದಲಾಯಿಸೋದನ್ನ ಯೋಚನೆ ಮಾಡಿ" ಎಂದರು.

ಬೀದಿಯಲ್ಲಿ ಮಾತು ಹಬ್ಬಿತು. ಮುದುಕಿ ಈಲಿ ಸೋತಿದೆ, ಇನ್ನೂ ಹಟ ಹಿಡಿದು ಕೂತವಳೆ, ಮಗೀನ ಗತಿ ಏನು. ಅಜ್ಜಿ ಒಲೆಗೆ ಹೊಟ್ಟು ಹಾಕುತ್ತಲೇ ಇದ್ದಳು. ಆದರೆ ಆ ದಿನಗಳಲ್ಲಿ ಮೊದಲ ಸಲ ನಮ್ಮ ಪುರಿ ಸೀದಿತು. ಅಪ್ಪ ಸೀದದ್ದನ್ನು ಹಸುವಿಗೆ ಹಾಕಿದ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ಹಸಿವು ಅಂತ ಭಟ್ಟಿಗೆ ಹೋದೆ. ನನಗೆ ಎರಡು ಬಾಣಲೆ ಕಂಡವು, ನಡುವೆ ಓಡಾಡುವಷ್ಟು ಜಾಗ. ಆ ಜಾಗದಲ್ಲಿ ಹಾದು ಅಜ್ಜಿಯ ಹತ್ತಿರ ಹೋಗೋಣ ಅಂತ ಕಾಲಿಟ್ಟೆ. ಅಲ್ಲಿ ಜಾಗ ಎಲ್ಲಿತ್ತು, ನಿಜವಾದ ಬಾಣಲೆ ಇದ್ದದ್ದೇ ಅಲ್ಲಿ. ಕಾದ ಮರಳಿಗೆ ಮುಖಾಡೆ ಬೀಳುವವಳನ್ನು ಅಜ್ಜಿ ಎದ್ದು ಬಂದು ಅಡ್ಡಗೈ ಹಾಕಿ ಆಚೆ ತಳ್ಳಿದಳು. ನನಗೆ ಮೊಣಕಾಲು ತರಚಿತು, ಅಷ್ಟೇ. ಅಜ್ಜಿಯ ಬಲಗೈ ಮೊಣಕೈಯವರೆಗೂ ಬಾಣಲೆಯ ಅಂಚಿಗೆ ತಾಗಿ ಬೊಬ್ಬೆ ಎದ್ದಿತು.

ಅಪ್ಪ ಅಜ್ಜಿಯ ಕೈಗೆ ತಣ್ಣೀರು ಹಾಕುತ್ತ ಅಳುತ್ತಿದ್ದ. "ಅವ್ವಾ, ಇನ್ನು ಆಗಕಿಲ್ಲ. ನಾಳೆ ಲಕ್ಕುನ ಕರಿಸ್ತೀನಿ." ಲಕ್ಕು ಅಂದರೆ ಲಕ್ಕಮ್ಮ, ಅಪ್ಪನ ತಂಗಿ, ನನ್ನ ಸೋದರತ್ತೆ. ಹಿಂದಿನ ಬೀದಿಯಲ್ಲೇ ಮನೆ, ಹೊಟ್ಟೆ ಗಟ್ಟಿ, ದುಶ್ಚಟ ಇಲ್ಲ.

"ಕರ್ಸು" ಎಂದಳು ಅಜ್ಜಿ. "ಮಗು ಉಳೀಬೇಕು. ನನ್ನ ಕಟ್ಕೊಂಡು ಏನಾಗ್ಬೇಕು." ಹಾಗಂದವಳು ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು. ಕೈ ಸುಟ್ಟಾಗ ಅಳದವಳು. ನನಗೆ ಎರಡು ಕಂಡರೂ ಪರವಾಗಿಲ್ಲ, ಮೂರು ಕಂಡರೂ ಪರವಾಗಿಲ್ಲ, ಅಜ್ಜಿಯೇ ಬೇಕು ಅಂತ ರಚ್ಚೆ ಹಿಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಲಕ್ಕತ್ತೆ ತಲೆಗೆ ಎರೆದುಕೊಂಡು, ಹೊಸ ಸೀರೆಯುಟ್ಟು, ಒಳ್ಳೆ ಮದುವಣಗಿತ್ತಿಯ ಹಾಗೆ ಬಂದು ಮಣೆಯ ಮೇಲೆ ಕೂತಳು. ಅವಳ ಹೊಟ್ಟೆ ನೋಡುವುದಕ್ಕೂ ಅಜ್ಜಿಯ ಸುಟ್ಟಗಾಯಕ್ಕೆ ಪಟ್ಟಿ ಕಟ್ಟುವುದಕ್ಕೂ ಡಾಕ್ಟರಮ್ಮ ಮನೆಗೇ ಬಂದಿದ್ದರು. ಅಜ್ಜಿ ಮೂಲೆಯಲ್ಲಿ ಪುರಿ ಮೂಟೆಗೆ ಒರಗಿ ಕೂತಿದ್ದಳು. ನಾನು ಹಠಕ್ಕೆ ಒಂದು ಚಕ್ಕೋತ ಬಿಡಿಸಿ ತಂದು ಅವಳ ಬಾಯಿಗೆ ತೊಳೆ ಇಟ್ಟೆ.

"ಇವತ್ತು ಕಹಿ ಎಲ್ಲೈತೆ ಮಗಾ, ಬಾಯಿಸಿಹಿ ಯಾಕೆ?" ಎಂದಳು. ಆದರೂ ಬಾಯಿ ತೆರೆದಳು.

ಅಪ್ಪ ಕರೆದ. ನಾನು ಮಾತ್ರೆ ಹಿಡಿದು ಲಕ್ಕತ್ತೆಯ ಮುಂದೆ ನಿಂತೆ. ಅವಳು ಅಂಗೈ ಚಾಚಿದಳು. ಡಾಕ್ಟರಮ್ಮ ಪಟ್ಟಿಯ ಗಂಟು ಹಾಕುತ್ತ ಅಜ್ಜಿಯನ್ನು ಕೇಳಿದ್ದು ಹಿಂದಿನಿಂದ ಕೇಳಿಸಿತು. "ಇದೇನಜ್ಜಿ, ಬೆಳಿಗ್ಗೆ ಬೆಳಿಗ್ಗೆ ಚಕ್ಕೋತ?"

"ದಿನಾ ತಿನ್ನಿಸ್ತಾಳೆ ಕಣವ್ವ, ಮಾತ್ರೆ ನುಂಗಿದ್ ಮೇಲೆ. ಇವತ್ತಿಗೆ ಕೊನೆ."

"ತಡಿ!" ಎಂದು ಡಾಕ್ಟರಮ್ಮ ಕಿರುಚಿದ ರಭಸಕ್ಕೆ ನಾನು ಬೆರಳು ಬಿಗಿ ಹಿಡಿದೆ. ಲಕ್ಕತ್ತೆಯ ಅಂಗೈಗೂ ಮಾತ್ರೆಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಸಂದಿಯಿತ್ತು. ಅವರು ಬಂದು ನನ್ನ ಕೈ ಹಿಂದಕ್ಕೆಳೆದರು. "ಏನೂ ತಿನ್ನಲ್ಲ ಅಂದ್ರಲ್ಲ ಅಜ್ಜಿ ಆವತ್ತು?"

"ಅಯ್ಯೋ, ಬಾಯಿಸಿಹಿ ತಿನ್ನೋ ಲೆಕ್ಕುಕ್ಕೆ ಬತ್ತದಾ?"

ಡಾಕ್ಟರಮ್ಮ ಹಣೆ ಹಣೆ ಬಡಿದುಕೊಂಡರು. ಆಮೇಲೆ ಅಜ್ಜಿಯನ್ನು ಎಬ್ಬಿಸಿ ಭಟ್ಟಿಯ ಹತ್ತಿರ ಕರೆದೊಯ್ದು ಒಲೆ ತೋರಿಸಿದರು. "ನೋಡಿ, ನುಂಗಿದ್ದೆಲ್ಲ ಮಗೂಗೆ ಹೋಗಲ್ಲ. ನಿಮ್ಮ ಕರುಳಲ್ಲೊಂದು ಸಣ್ಣ ಒಲೆ, ಲಿವರಲ್ಲೊಂದು ದೊಡ್ಡ ಒಲೆ. ಒಂದಷ್ಟು ಮದ್ದು ಅಲ್ಲೇ ಉರಿದುಹೋಗತ್ತೆ. ಅಷ್ಟು ಹೋಗತ್ತೆ ಅಂತ ಲೆಕ್ಕ ಹಿಡಿದೇ ನಾವು ಮಾತ್ರೆ ಬರೆಯೋದು. ಈ ಜಾತಿ ಹಣ್ಣು ಕರುಳಿನ ಒಲೆ ಆರಿಸಿಬಿಡತ್ತೆ. ಆಗ ಉರಿಯಬೇಕಾದ್ದೂ ಉರಿಯದೆ ಮಗು ಮೈಗೆ ಸೇರತ್ತೆ."

ಅಜ್ಜಿ ಒಲೆಯನ್ನೇ ನೋಡುತ್ತ ನಿಂತಳು. ಒಲೆಯ ವಿಷಯ ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. "ಅಂದ್ರೆ ನನ್ನೊಲೆ ಕೆಟ್ಟಿಲ್ಲ. ನೀರು ಬಿದ್ದದೆ."

"ಹಣ್ಣು ಬಿಟ್ಟು ನೋಡೋಣ. ಇವತ್ತು ಯಾರೂ ನುಂಗೋದು ಬೇಡ, ಇವಳ ಮೈಯಲ್ಲಿ ಇರೋದೇ ಬೇಕಾದಷ್ಟಿದೆ. ನಾಳೆಯಿಂದ ನೀವೇ ನುಂಗಿ."

ಅಜ್ಜಿ ಪಟ್ಟಿ ಕಟ್ಟಿದ ಕೈಯಲ್ಲೇ ನನ್ನನ್ನು ಅವುಚಿಕೊಂಡಳು. ಅಪ್ಪ ಕಣ್ಣೊರೆಸಿಕೊಂಡ. ಮಣೆಯ ಮೇಲೆ ಅಂಗೈ ಚಾಚಿಕೊಂಡೇ ಕೂತಿದ್ದ ಲಕ್ಕತ್ತೆ, "ಹಂಗಾರೆ ನಾನು ತಲೆಗೆ ಎರ್ಕೊಂಡಿದ್ದು ದಂಡ" ಎಂದು ಮುಖ ಊದಿಸಿದಳು. ಅವ್ವ ಅವಳಿಗೆ ಪಾಯಸ ಮಾಡಿ ಬಡಿಸಿ ಕಳಿಸಿದಳು.

ದಿನ ಕಳೆದ ಹಾಗೆ ನನ್ನ ತೂಕಡಿಕೆ ಹೋಯಿತು. ಎರಡನೆಯ ಮೇಷ್ಟ್ರು ಮೊದಲನೆಯವರ ಹತ್ತಿರ ಹತ್ತಿರ ಬಂದು ಒಬ್ಬರೇ ಆದರು. ಕೊನೆಗೆ ಒಂದು ಬೆಳಿಗ್ಗೆ ಒಲೆಯ ಮುಂದೆ ಅಜ್ಜಿ ಒಬ್ಬಳೇ ಕೂತಿದ್ದಳು. ನನಗೆ ಅಳು ಬಂತು. "ಇನ್ನೊಬ್ಬಳು ಅಜ್ಜಿ ಹೊರಟೋದ್ಲು" ಎಂದೆ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಒಬ್ಳೇ ಸಾಕು ಕಣೆ. ಇಬ್ರಿಗೂ ಬಾಯಿಸಿಹಿ ಎಲ್ಲಿಂದ ತತ್ತೀಯ?" ಅಂದಿನಿಂದ ನಾನು ಪುರಿ ಮತ್ತು ಬೆಲ್ಲವನ್ನು ಒರಳಿನಲ್ಲಿ ಹಿಟ್ಟು ಮಾಡಿ ತಂದು ಅವಳ ನಾಲಿಗೆಯ ಮೇಲೆ ಇಡುತ್ತಿದ್ದೆ. ಚಕ್ಕೋತದ ಮರವನ್ನು ಕಡಿಯೋಣ ಅಂತ ಅಪ್ಪ ಹೊರಟರೆ ಅಜ್ಜಿ ಬಿಡಲಿಲ್ಲ. "ಅದೇನು ಮಾಡ್ತು ಪಾಪ, ಹಣ್ಣು ಬಿಡೋದು ಅದರ ಧರ್ಮ" ಎಂದಳು.

ನಾನು ದೊಡ್ಡವಳಾದೆ. ಡಾಕ್ಟರಮ್ಮ ಅಜ್ಜಿಯ ವಯಸ್ಸು ನೋಡಿಕೊಂಡು ಮಾತ್ರೆಯನ್ನು ಮುಕ್ಕಾಲಿಗೆ ಇಳಿಸಿದರು, ಆಮೇಲೆ ಅರ್ಧಕ್ಕೆ. ಅರ್ಧ ಮಾತ್ರೆ ಕಂಡ ದಿನ ಅಜ್ಜಿ, "ನನ್ನ ಮೇಲೆ ನಂಬಿಕೆ ಅರ್ಧ ಆಯ್ತಾ?" ಎಂದು ಮುನಿಸಿಕೊಂಡಳು. ಆದರೂ ಅಂಗೈ ಚಾಚುವುದು ತಪ್ಪಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ಎಂದಿನಂತೆ ನನ್ನ ಮಾತ್ರೆ ನುಂಗಿ, ಹಿಟ್ಟು ತಿಂದು, ಮಧ್ಯಾಹ್ನ ಊಟಕ್ಕೆ ಕರೆಯುವ ಹೊತ್ತಿಗೆ ಪುರಿ ಮೂಟೆಗೆ ಒರಗಿದ ಹಾಗೇ ಹೋಗಿಬಿಟ್ಟಿದ್ದಳು. ಮೂಟೆ ಸ್ವಲ್ಪವೇ ಕುಸಿದಿತ್ತು.

ಹುಡುಗೀನ ಹಿಡ್ಕೊಳ್ಳಿ, ಒಡಲು ಹೋಯ್ತು, ಈಗ ಬೀಳ್ತಾಳೆ ಅಂತ ಬೀದಿಯವರೆಲ್ಲ ನನ್ನ ಸುತ್ತ ನಿಂತರು. ಅವ್ವ ನನ್ನ ಸೊಂಟ ಹಿಡಿದೇ ಕೂತಿದ್ದಳು. ನಾನು ಬೀಳಲಿಲ್ಲ. ಎದೆ ಬಡಿದುಕೊಂಡು ಅತ್ತೆ, ಅನ್ನ ನೀರು ಬಿಟ್ಟೆ, ಉರಿಬಿಸಿಲಲ್ಲಿ ಬರಿಗಾಲಲ್ಲಿ ಮಸಣದ ದಾರಿಯವರೆಗೂ ಓಡಿದೆ, ಆದರೂ ಬೀಳಲಿಲ್ಲ. ಸಂಜೆ ಅಜ್ಜಿಯ ಚಿತೆ ಆರುವ ಹೊತ್ತಿಗೂ ನೆಟ್ಟಗೆ ನಿಂತೇ ಇದ್ದೆ. ಡಾಕ್ಟರಮ್ಮ ಬಂದು ತಲೆ ಸವರಿ ಹೇಳಿದರು, "ಬೆಳಿಗ್ಗೆ ನುಂಗಿದ್ದನ್ನ ನಿಮ್ಮಜ್ಜಿ ಆಗಲೇ ನಿನಗೆ ದಾಟಿಸಿಬಿಟ್ಟಿದ್ರು ಕಣಮ್ಮ. ಇವತ್ತಿನದು ಪೂರ್ತಿ ನಿನ್ನ ಹತ್ರಾನೇ ಇದೆ." ಮಾರನೆಯ ಬೆಳಿಗ್ಗೆ ಅವ್ವ ಅಂಗೈ ಚಾಚಿದಾಗ ನಾನು ಬಹಳ ಹೊತ್ತು ಮಾತ್ರೆ ಹಾಕಲಿಲ್ಲ. ಹಾಕಿದರೆ ಅಜ್ಜಿಯ ಋಣ ಹರಿಯುತ್ತದೆ ಅನ್ನಿಸುತ್ತಿತ್ತು. ಕೊನೆಗೆ ಹಾಕಿದೆ. ಹಾಕದೆ ಏನು ಮಾಡಲಿ?

ಈ ಊರಿನಲ್ಲಿ ಎಲ್ಲರ ಮದ್ದೂ ಅವರವರ ಹೊಟ್ಟೆಗೇ. ನಾನೇ ನುಂಗಿದರೂ ಇಲ್ಲಿ ನನಗೆ ತಾಗುತ್ತದೆ, ಅದರಲ್ಲಿ ದೂರು ಹೇಳುವಂಥದ್ದೇನಿಲ್ಲ. ನನ್ನ ಗಂಡ ಒಳ್ಳೆಯವರು. ಕಥೆಯೆಲ್ಲ ಕೇಳಿದ ಮೇಲೆ ಎಮ್ಮೆ ಎತ್ತು ಎಂದು ಆಡಿಕೊಳ್ಳುವುದನ್ನು ಬಿಟ್ಟರು. ಈಗ ಬೆಳಿಗ್ಗೆ ಪೇಪರು ಪಕ್ಕಕ್ಕಿಟ್ಟು ತಾವೇ ಅಂಗೈ ಚಾಚುತ್ತಾರೆ. ನಾನು ಮಾತ್ರೆ ಇಡುತ್ತೇನೆ. ಒಂದು ಗಳಿಗೆ ಹಿಡಿದುಕೊಂಡು, "ಆಯ್ತಾ?" ಎಂದು ಕೇಳಿ, ವಾಪಸ್ಸು ಕೊಡುತ್ತಾರೆ. ನಾನು ನುಂಗಿದ ಮೇಲೆ ಸಕ್ಕರೆ ಡಬ್ಬಿಯನ್ನೂ ಮುಂದೆ ತಳ್ಳುತ್ತಾರೆ.

ಮೊನ್ನೆ ಮಾರ್ಕೆಟ್ಟಿನಲ್ಲಿ ಚಕ್ಕೋತ ಬಂದಿತ್ತು. ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಗಸು ಒಂದನ್ನು ಸೀಳಿ ತೋರಿಸಿದಳು, ಅದೇ ಗುಲಾಬಿ ತೊಳೆ. ತಡೆಯಲಾಗದೆ ಒಂದು ಕೊಂಡು ತಂದು, ಸಿಪ್ಪೆ ಬಿಡಿಸಿ, ಬಿಳಿಯ ಪೊರೆ ತೆಗೆದು ತಟ್ಟೆಯಲ್ಲಿ ಜೋಡಿಸಿದೆ. ಗಂಡ ಗಾಬರಿಯಾಗಿ, "ಏಯ್, ಅದು ನಿಂಗೆ ಆಗಲ್ಲ. ತಿಂದ್ರೆ ಎಲ್ಲಾ ಎರಡೆರಡು ಕಾಣತ್ತೆ ಅಂತ ನೀನೇ ಹೇಳಿದ್ದೆ" ಎಂದರು.

"ಗೊತ್ತು ರೀ. ತಿನ್ನಲ್ಲ" ಎಂದು ತಟ್ಟೆಯನ್ನು ಅವರ ಕಡೆ ಸರಿಸಿದೆ. ತಿಂದು ತಾನೇ ಏನು ಬಂತು? ಇಬ್ಬರು ಕಾಣಬೇಕಾದರೆ ಮೊದಲು ಒಬ್ಬಳಾದರೂ ಒಲೆಯ ಮುಂದೆ ಕೂತಿರಬೇಕಲ್ಲ.